ವಾಚಿನವರ ಮಿಕ್ಸ್ಚರ್

ಮಾರ್ಕೆಟ್ ಬೀದಿಯಲ್ಲಿ ಅದಕ್ಕೆ ವಾಚಿನವರ ಮಿಕ್ಸ್ಚರ್ ಎಂದೇ ಹೆಸರು. ವಾಚು ರಿಪೇರಿ ಅಂಗಡಿಯ ಕಟ್ಟೆಯ ಮೇಲೆ, ಗಿರಾಕಿಗಳು ಮೊಣಕೈ ಊರುವ ಕಡೆ, ಅಗಲ ಬಾಯಿಯ ಗಾಜಿನ ಡಬ್ಬಿಯೊಂದು ಸದಾ ಇರುತ್ತಿತ್ತು. ಸೆಲ್ ಹಾಕಿಸಲು ಬಂದವರು, ಪಟ್ಟಿ ಬದಲಾಯಿಸಲು ಬಂದವರು, ಏನೂ ಕೆಲಸವಿಲ್ಲದೆ ಸುಮ್ಮನೆ ಬಂದು ಸ್ಟೂಲಿನ ಮೇಲೆ ಕೂತವರು, ಎಲ್ಲರಿಗೂ ಒಂದೊಂದು ಚಮಚ. ಡಬ್ಬಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಎಣ್ಣೆ ಕೈಯಲ್ಲಿ ಯಾರಾದರೂ ವಾಚು ಮುಟ್ಟಿದರೆ ಅಂಗಡಿಯವನ ಮೈ ಉರಿದುಹೋಗುತ್ತಿತ್ತು. ಅವನೇ ಉದ್ದ ಹಿಡಿಯ ಚಮಚದಿಂದ ತೆಗೆದು ಕಾಗದದ ಚೂರಿಗೆ ಸುರಿದು ಕೊಡುತ್ತಿದ್ದ. ತಿಂದವರು ಏನು ಕೈಗುಣ ರೀ ನಿಮ್ಮದು ಎನ್ನುತ್ತಿದ್ದರು. ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ, ಬಗ್ಗಿಸಿದ ತಲೆ ಎತ್ತದೆ, ಮೀಸೆಯಡಿಯಲ್ಲೇ ನಗುತ್ತಿದ್ದ.

ಆ ಕೈಗುಣ ಅವನದಾಗಿರಲಿಲ್ಲ. ಅವನ ಹೆಂಡತಿಯದು.

ವಾರಕ್ಕೊಂದು ಬೆಳಿಗ್ಗೆ, ಅಡುಗೆ ಮುಗಿದು ಒಲೆ ಖಾಲಿಯಾದ ಮೇಲೆ, ಅವಳು ಆ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಕಡಲೆಬೀಜ ಒಂದು ಬಟ್ಟಲಲ್ಲಿ. ಹಿಂದಿನ ದಿನವೇ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಆರಿಸಿದ ಬಟಾಣಿ ಇನ್ನೊಂದರಲ್ಲಿ. ಸಿಪ್ಪೆ ಸುಲಿದ ಕುಂಬಳಬೀಜ, ಮೆಕ್ಕೆಜೋಳದ ಚಪ್ಪಟೆ ಕಾಳು, ಉಗುರಿನಷ್ಟಗಲ ಕತ್ತರಿಸಿ ಬಿಸಿಲಲ್ಲಿ ಒಣಗಿಸಿದ ಬ್ರೆಡ್ಡಿನ ಚೂರು, ಒಂದೊಂದೂ ಬೇರೆ ಬೇರೆ. ಎಲ್ಲವನ್ನೂ ಒಂದೇ ಸಲ ಬಾಣಲೆಗೆ ಸುರಿದು ಕೈ ತೊಳೆದುಕೊಳ್ಳುವ ಜಾಯಮಾನ ಅವಳದಲ್ಲ. ಕುಂಬಳಬೀಜ ಉಬ್ಬಿ ಚಟಪಟ ಎನ್ನುತ್ತಿದ್ದಂತೆಯೇ ಇಳಿಸಿಬಿಡಬೇಕು. ಕಡಲೆಬೀಜಕ್ಕೆ ಸಣ್ಣ ಉರಿ ಬೇಕು, ಬಿಡದೆ ಕೈಯಾಡಿಸುತ್ತಿರಬೇಕು. ಮೇಲೆ ಕೆಂಪಾಗಿ ಒಳಗೆ ಹಸಿ ಉಳಿದರೆ ನಾಲ್ಕೇ ದಿನಕ್ಕೆ ಮುಗ್ಗಲು ಹಿಡಿಯುತ್ತದೆ. ಬಟಾಣಿಯನ್ನು ಎಣ್ಣೆಗೆ ಬಿಟ್ಟ ಮೇಲೆ ಕಣ್ಣಿಗಿಂತ ಕಿವಿಗೆ ಕೆಲಸ. ಮೊದಲು ಜಡಿಮಳೆಯಂಥ ಸದ್ದು, ಆಮೇಲೆ ತಗ್ಗುತ್ತ ತಗ್ಗುತ್ತ ಪಕ್ಕದ ಕೋಣೆಯ ಪಿಸುಮಾತಿನಷ್ಟಾಗುತ್ತದೆ, ಆಗ ಎತ್ತಬೇಕು.

ಉಪ್ಪನ್ನು ಅವಳು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆಯುತ್ತಿದ್ದಳು. ದಪ್ಪ ಉಪ್ಪು ಕಾಳಿಗೆ ಅಂಟದೆ ಡಬ್ಬಿಯ ತಳ ಸೇರಿ, ಕಡೆಗೆ ಬಂದವನ ನಾಲಿಗೆ ಸುಡುತ್ತದೆ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ, ಎಲ್ಲ ಮುಗಿದ ಮೇಲೆ ಸ್ವಲ್ಪ ಬೆಣ್ಣೆಯಲ್ಲಿ ಅಂಚು ಮಾತ್ರ ಕೆಂಪಾಗುವಂತೆ ಬಾಡಿಸುತ್ತಿದ್ದಳು. ಖಾರದ ಪುಡಿ, ಮೆಣಸಿನ ಪುಡಿ, ಇದೆಯೋ ಇಲ್ಲವೋ ಎಂಬಷ್ಟು ಸಕ್ಕರೆ. ಇವೆಲ್ಲ ಸೇರಬೇಕಾದ ಹೊತ್ತಿಗೆ ಕಾಳಿನ ಬಿಸಿ ಎಷ್ಟಿರಬೇಕೆಂಬುದೇ ಒಂದು ದೊಡ್ಡ ವಿಷಯ. ಬಿಸಿ ಹೆಚ್ಚಿದ್ದರೆ ಖಾರ ಸೀದು ಕಹಿಯಾಗುತ್ತದೆ, ಆರಿಹೋಗಿದ್ದರೆ ಯಾವುದೂ ಹಿಡಿಯುವುದಿಲ್ಲ. ಅವಳು ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದಳು. ಬೆರೆಸುವುದಕ್ಕೆ ಸೌಟು ಮುಟ್ಟುತ್ತಿರಲಿಲ್ಲ. ಸೌಟಾಡಿಸಿದರೆ ಬ್ರೆಡ್ಡು ಪುಡಿಪುಡಿ. ಇದಕ್ಕೆಂದೇ ಎತ್ತಿಟ್ಟಿದ್ದ, ಒಗೆದೂ ಒಗೆದೂ ಮೆತ್ತಗಾದ ಬಿಳಿಯ ದಿಂಬಿನ ಕವರಿಗೆ ಎಲ್ಲವನ್ನೂ ಸುರಿದು, ಬಾಯಿ ಮಡಚಿ ಹಿಡಿದು, ಮಗುವನ್ನು ತೂಗುವ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತಿದ್ದಳು. ಒಂದು ಚೂರೂ ಮುರಿಯುತ್ತಿರಲಿಲ್ಲ. ಪ್ರತಿ ಕಾಳಿಗೂ ಖಾರದ ತೆಳ್ಳನೆಯ ಅಂಗಿ.

ಗಂಡ ಇದ್ಯಾವುದನ್ನೂ ಕಣ್ಣಿಟ್ಟು ನೋಡಿದವನಲ್ಲ. ಸಾಲದ್ದಕ್ಕೆ ಬೆಳ್ಳುಳ್ಳಿ ಅವನಿಗೆ ಆಗದು, ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಒಂದು ಚಿಟಿಕೆಗಿಂತ ಹೆಚ್ಚು ಅವನು ಅದನ್ನು ಬಾಯಿಗೆ ಹಾಕಿಕೊಂಡದ್ದನ್ನು ಅವಳು ಕಂಡಿರಲಿಲ್ಲ.

ಶುರುವಾದದ್ದು ತಮಾಷೆಯಲ್ಲೇ. ಮದುವೆಯಾದ ಹೊಸತು. ಸಂಜೆ ಹೊತ್ತಿನ ಹಸಿವಿಗೆ ಇರಲಿ ಎಂದು ಅವಳು ಒಂದು ಸಣ್ಣ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದಳು. ನನಗೆ ಬೆಳ್ಳುಳ್ಳಿ ಆಗುವುದಿಲ್ಲ ಎಂದು ಹೊಸ ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲವೋ ಏನೋ, ಬಂದ ಗಿರಾಕಿಗಳಿಗೆ ಹಂಚಿದ. ಎದುರಿನ ಔಷಧಿ ಅಂಗಡಿಯವನು ತಿಂದು, ಮತ್ತೆ ಕೈ ಚಾಚಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ.

'ಇನ್ಯಾರು, ನಾನೇ' ಎಂದ ಗಂಡ.

ಅವಳು ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಡ ಅವಳತ್ತ ನೋಡಿ ಕಣ್ಣು ಮಿಟುಕಿಸಿದ. ಅವಳಿಗೆ ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಸಂಜೆ ಮನೆಯಲ್ಲಿ ಇಬ್ಬರೂ ಅದನ್ನೇ ಹೇಳಿಕೊಂಡು ನಕ್ಕರು. ಔಷಧಿ ಅಂಗಡಿಯವನು ನಂಬಿಯೇಬಿಟ್ಟನಲ್ಲ ಎಂಬುದೇ ದೊಡ್ಡ ನಗೆ.

ಆಮೇಲಾಮೇಲೆ ಡಬ್ಬಿ ದೊಡ್ಡದಾದ ಹಾಗೆ ಸುಳ್ಳೂ ದೊಡ್ಡದಾಯಿತು. ರಜೆಯ ದಿನ ಬೆಳಿಗ್ಗೆ ಎದ್ದು ತಾನೇ ಮಾಡುತ್ತೇನೆ ಎಂದು ಗಿರಾಕಿಗಳಿಗೆ ಹೇಳಿದ. ಆ ಹೊತ್ತಿಗೆ ಅಡುಗೆಮನೆಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ ಎಂದ. ಮನೆ ಇದ್ದದ್ದು ಮಾರ್ಕೆಟ್ಟಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ಬಂದು ನೋಡುವವರು ಯಾರು? ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ ಒಬ್ಬ ಮೇಷ್ಟ್ರು ಇದಕ್ಕೊಂದು ಕಾರಣವನ್ನೂ ಹುಡುಕಿಕೊಟ್ಟರು. ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯುವ ಬೆರಳುಗಳು ಇವರವು, ಈ ಬೆರಳು ಉಪ್ಪು ಹಾಕಿದರೆ ಹೆಚ್ಚು ಕಡಿಮೆಯಾಗಲು ಸಾಧ್ಯವೇ ಇಲ್ಲ ಎಂದು ಅವರು ಬಂದವರಿಗೆಲ್ಲ ಪಾಠ ಮಾಡಿದರು. ಔಷಧಿ ಅಂಗಡಿಯವನು, ನಾನೂ ದಿನಾ ಮಿಕ್ಸ್ಚರ್ ಮಾರುತ್ತೇನೆ, ನನ್ನದನ್ನು ಕುಡಿದವರು ಮುಖ ಕಿವುಚುತ್ತಾರೆ ಎಂದು ನಗಿಸುತ್ತಿದ್ದ. ಗಂಡ ಈ ಮಾತುಗಳನ್ನೆಲ್ಲ ಮನೆಗೆ ತಂದು ಹೆಂಡತಿಗೆ ಒಪ್ಪಿಸುತ್ತಿದ್ದ. ಹೊಗಳಿಕೆಯ ಜೊತೆಗೆ ತಕರಾರೂ ಬರತೊಡಗಿತು. ಮೆಣಸು ಸ್ವಲ್ಪ ಮುಂದಾಗಿದೆ ಅಂತಾರೆ, ಮುಂದಿನ ಸಲ ನೋಡಿಕೊಂಡು ಹಾಕು ಎನ್ನುತ್ತಿದ್ದ. ಹೊಗಳಿಕೆ ಅವನಿಗೆ, ತಕರಾರು ಅವಳಿಗೆ ಎಂದು ಯಾರೋ ಕೂತು ಪಾಲು ಮಾಡಿದ ಹಾಗೆ.

ಅವಳಿಗೆ ನಗು ಯಾವತ್ತು ನಿಂತಿತು ಎಂದು ಕೇಳಿದರೆ ಹೇಳುವುದು ಕಷ್ಟ. ಆದರೆ ಔಷಧಿ ಅಂಗಡಿಯವನ ಹೆಂಡತಿ ಮನೆಗೆ ಬಂದ ದಿನವಂತೂ ಅದು ಇರಲಿಲ್ಲ. ಆಕೆ ಬಂದದ್ದೇ ಮಿಕ್ಸ್ಚರ್ ಮಾಡುವುದನ್ನು ತಿಳಿದುಕೊಳ್ಳಲು. ಬಂದವಳು ಸೀದಾ ಇವಳ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಗಂಡ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಮೊದಲು ಬೆಳ್ಳುಳ್ಳಿ ಹಾಕಬೇಕಂತೆ, ಅದು ಕಪ್ಪಾಗುವ ತನಕ ಬಿಡಬೇಕಂತೆ, ಅದೇ ಎಣ್ಣೆಗೆ ಉಪ್ಪು ಖಾರ ಎಲ್ಲ ಹಾಕಿ ಮೇಲೆ ಕಾಳು ಸುರಿಯಬೇಕಂತೆ. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಅವಳು ಟೀ ಹಿಡಿದುಕೊಂಡು ನಿಂತೇ ಇದ್ದಳು. ಹಿತ್ತಿಲ ತಂತಿಯ ಮೇಲೆ, ಕಿಟಕಿಯಿಂದ ಕಾಣುವ ಹಾಗೆ, ದಿಂಬಿನ ಕವರು ಒಣಗುತ್ತಿತ್ತು. ಅವಳಿಗೆ ತಡೆಯಲಿಲ್ಲ.

'ಒಲೆ ಹಚ್ಚೋದು ಯಾವ ಕಡೆಯಿಂದ ಅಂತಾನೂ ಹೇಳ್ಕೊಡಿ' ಎಂದಳು.

ಬಂದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀವು ಅದೃಷ್ಟವಂತರು ಬಿಡಿ, ನಮ್ಮ ಮನೆಯವರಿಗೆ ನೀರು ಕಾಯಿಸೋಕೂ ಬರಲ್ಲ ಎಂದಳು.

ಆಕೆ ಹೋದ ಮೇಲೆ ಅವಳು ಮೊದಲ ಬಾರಿಗೆ ಗಂಡನೊಂದಿಗೆ ಆ ಮಾತು ಎತ್ತಿದಳು. ಕೂಗಾಡಲಿಲ್ಲ; ಕೂಗಾಡುವುದು ಅವಳಿಗೆ ಬರುತ್ತಿರಲಿಲ್ಲ. ಲೋಟ ಎತ್ತಿಡುತ್ತಲೇ ಕೇಳಿದಳು.

'ಇನ್ನು ಸಾಕು ಕಣ್ರೀ. ಒಂದ್ಸಲ ನಿಜ ಹೇಳ್ಬಿಡಿ. ನಕ್ಕು ಮರ್ತುಬಿಡ್ತಾರೆ.'

ವಾಚು ಬಿಚ್ಚಿದ ಮೇಲೆ ಎಲ್ಲಿ ಏನಾಗಿದೆ ಎಂದು ಹುಡುಕುವಾಗ ಕೂರುತ್ತಾನಲ್ಲ, ಅವನು ಹಾಗೆ ಕೂತ. ಆಮೇಲೆ ಹೇಳಿದ್ದನ್ನು ಅವಳು ಅಲ್ಲಗಳೆಯಲಾರದೆ ಹೋದಳು. ಜನ ತಮ್ಮ ವಾಚನ್ನು ಅವನ ಕೈಗೆ ಕೊಟ್ಟು ಹೋಗುತ್ತಾರೆ. ಒಳಗಿನ ಒಳ್ಳೆಯ ಭಾಗ ತೆಗೆದು ಕೆಟ್ಟದ್ದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನ ವ್ಯಾಪಾರವೆಲ್ಲ ನಂಬಿಕೆಯ ಮೇಲೆ ನಿಂತದ್ದು. ಇಷ್ಟು ವರ್ಷ ಮಿಕ್ಸ್ಚರ್ ವಿಷಯದಲ್ಲಿ ಸುಳ್ಳು ಹೇಳಿದವನು ವಾಚಿನ ವಿಷಯದಲ್ಲಿ ಹೇಳಿರಲಿಕ್ಕಿಲ್ಲವೇ ಎಂದು ಒಬ್ಬ ಅನುಮಾನಪಟ್ಟರೆ ಸಾಕು.

'ಅಂಗಡಿ ಮುಚ್ಚೋ ದಿನ ಹೇಳ್ತೀನಿ' ಎಂದ. 'ಎಲ್ಲರ ಮುಂದೆ. ಆವತ್ತು ಕಳ್ಕೊಳ್ಳೋದು ಏನೂ ಇರಲ್ಲ ನೋಡು.'

ಆ ಮಾತನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಳು. ಬೇರೆಯವರ ಕಣ್ಣಿಗೆ ಇದು ಯಾವ ದೊಡ್ಡ ವಿಷಯ? ಹಿಡಿ ಕಾಳು, ಚಿಟಿಕೆ ಉಪ್ಪು. ಆದರೆ ಅವಳಿಗೆ ಇದ್ದದ್ದು ಅದೊಂದೇ. ಓದು ತಲೆಗೆ ಹತ್ತಲಿಲ್ಲ. ಹಾಡು, ಹೊಲಿಗೆ, ಮಾತುಗಾರಿಕೆ, ಯಾವುದರಲ್ಲೂ ನಾಲ್ಕು ಜನ ತಿರುಗಿ ನೋಡುವಂಥದ್ದು ಅವಳ ಕೈಯಲ್ಲಿ ಇರಲಿಲ್ಲ. ಮಿಕ್ಸ್ಚರನ್ನು ಮಾತ್ರ ಜನ ಹುಡುಕಿಕೊಂಡು ಬರುತ್ತಿದ್ದರು. ಇದು ಇವಳು ಮಾಡಿದ್ದು ಎಂದು ಒಬ್ಬರ ಬಾಯಲ್ಲಿ ಒಂದು ಸಲ ಕೇಳಬೇಕು, ಅಷ್ಟೇ. ಕಡಲೆಬೀಜ ಹುರಿಯುತ್ತ ನಿಂತಾಗ ಅವಳು ಆ ದಿನವನ್ನು ಮನಸ್ಸಿನಲ್ಲೇ ನಡೆಸಿ ನೋಡುತ್ತಿದ್ದಳು. ಮೇಷ್ಟ್ರ ಮುಖ ಹೇಗಾಗುತ್ತದೆ, ಔಷಧಿ ಅಂಗಡಿಯವನ ಹೆಂಡತಿ ಎಲ್ಲಿ ನೋಡುತ್ತಾಳೆ, ತಾನು ಆಗ ನಿಂತಿರಬೇಕೋ ಕೂತಿರಬೇಕೋ. ಎಷ್ಟೋ ಸಲ ಕಡಲೆಬೀಜ ಇನ್ನೇನು ಸೀಯುತ್ತದೆ ಎನ್ನುವಾಗ ಎಚ್ಚರವಾಗುತ್ತಿತ್ತು.

ಮಗಳು ಹುಟ್ಟಿ ಬೆಳೆದಳು. ಕುಂಬಳಬೀಜದ ಸಿಪ್ಪೆ ಸುಲಿಯಲು ಪಕ್ಕದಲ್ಲಿ ಕೂರುತ್ತಿದ್ದವಳು ಓದಿ, ಕೆಲಸ ಹಿಡಿದು, ಮದುವೆಯಾಗಿ ಅದೇ ಊರಿನ ಇನ್ನೊಂದು ತುದಿಗೆ ಹೋದಳು. ಅಳಿಯನ ಮನೆಯಲ್ಲೂ ಅದು ಮಾವನವರ ಮಿಕ್ಸ್ಚರ್ ಎಂದೇ ಆಯಿತು. ಮಗಳು ತಿದ್ದಲಿಲ್ಲ. ಅಪ್ಪನಿಗೆ ಅಷ್ಟರಲ್ಲೇ ಖುಷಿ, ಇರಲಿ ಬಿಡಮ್ಮ ಎಂದಿದ್ದಳು. ಅವಳೂ ಇರಲಿ ಎಂದುಕೊಂಡಳು. ಆ ದಿನ ಹೇಗೂ ಬರುತ್ತದಲ್ಲ.

ಬಂತು. ಗಂಡನ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಚಿಮಟದ ತುದಿ ಮಾತ್ರ ನಡುಗುತ್ತಿತ್ತು. ಆಮೇಲೆ ಟೀ ಲೋಟವೂ ನಡುಗಿತು. ವಾಚಿನವನಿಗೆ ಕೈ ನಡುಗಿದ ಮೇಲೆ ಮುಗಿಯಿತು. ಅಂಗಡಿಯನ್ನು ಮೊಬೈಲ್ ರಿಪೇರಿಯವನೊಬ್ಬನಿಗೆ ಬಿಟ್ಟುಕೊಡುವುದೆಂದು ಮಾತಾಯಿತು. ಬೀದಿಯವರೆಲ್ಲ ಸೇರಿ ಕಡೆಯ ದಿನ ಸಂಜೆ ಅಂಗಡಿಯ ಮುಂದೆಯೇ ಕುರ್ಚಿ ಹಾಕಿಸಿ, ಅವನನ್ನು ಚೆನ್ನಾಗಿ ಕಳಿಸಿಕೊಡಬೇಕೆಂದು ನಿಶ್ಚಯಿಸಿದರು. ಎಲ್ಲರೂ ತಿನ್ನುವಷ್ಟು ಮಿಕ್ಸ್ಚರ್ ತರಲೇಬೇಕು, ಕೈ ನಡುಗಿದರೂ ಸರಿ ಎಂದು ಔಷಧಿ ಅಂಗಡಿಯವನು ಆಣೆ ಹಾಕಿದ.

ಅವಳು ಆವತ್ತು ಮಾಡಿದಂಥದ್ದನ್ನು ಹಿಂದೆ ಯಾವತ್ತೂ ಮಾಡಿರಲಿಲ್ಲ. ಬಟಾಣಿಯಲ್ಲಿ ಒಡೆದದ್ದನ್ನೆಲ್ಲ ಆರಿಸಿ ತೆಗೆದಳು. ಕವರನ್ನು ತೂಗುವಾಗ ಭುಜ ನೋಯುತ್ತಿತ್ತು, ನಿಲ್ಲಿಸಲಿಲ್ಲ. ಆಮೇಲೆ ಸ್ನಾನ ಮಾಡಿ, ಇಸ್ತ್ರಿ ಮಾಡಿಟ್ಟಿದ್ದ ನೀಲಿ ಸೀರೆ ಉಟ್ಟು, ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಪಕ್ಕ ಬಸ್ಸಿನಲ್ಲಿ ಕೂತಳು. ಅವನಿಗೆ ನೆನಪು ಮಾಡಬೇಕೆಂದು ಬಾಯಿವರೆಗೂ ಬಂತು. ಮಾಡಲಿಲ್ಲ. ತಾನಾಗಿ ಹೇಳಿದರೇ ಅದಕ್ಕೊಂದು ಬೆಲೆ.

ಮೇಷ್ಟ್ರು ಮಾತಾಡಿದರು. ಸಮಯಪಾಲನೆಯ ಬಗ್ಗೆ ಶುರುಮಾಡಿ ತಾವೇ ಸಮಯ ಮರೆತರು. ಹಿಂದಿನಿಂದ ಯಾರೋ, ಮೇಷ್ಟ್ರೇ ನಿಮ್ಮ ವಾಚು ನಿಂತಿದೆಯಾ ನೋಡಿ, ಇವತ್ತಾದರೆ ರಿಪೇರಿ ಸಿಗುತ್ತೆ ಎಂದರು. ಒರಗಿ ಕೂರುವ ಕುರ್ಚಿಯೊಂದನ್ನು ಉಡುಗೊರೆ ಕೊಟ್ಟರು. ಕಾಗದದ ತಟ್ಟೆಗಳಲ್ಲಿ ಮಿಕ್ಸ್ಚರ್ ಸುತ್ತು ಬಂತು. ಆಮೇಲೆ ಗಂಡ ಎದ್ದು ನಿಂತ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದ. ಕಡೆಗೆ ಅವಳತ್ತ ತಿರುಗಿದ. ಕೂತೇ ಇರಬೇಕೆಂದು ತೀರ್ಮಾನಿಸಿದ್ದವಳು ಯಾಕೋ ಅರ್ಧ ಎದ್ದಳು.

'ಮಿಕ್ಸ್ಚರ್ ತಿಂದು ನನ್ನನ್ನ ಹೊಗಳ್ತೀರಿ' ಎಂದ ಅವನು. 'ಇವತ್ತು ಒಂದು ಮಾತು ಹೇಳ್ಬೇಕು. ಇವಳಿಲ್ಲದೆ ಅದು ಆಗ್ತಿರಲಿಲ್ಲ. ನಾನು ಮಾಡಿ ಎದ್ದು ಬಂದ್ರೆ, ಅಷ್ಟು ಪಾತ್ರೆ ತೊಳೆದು, ಅಡುಗೆಮನೆ ಒರೆಸಿ, ಒಂದು ದಿನಾನೂ ಮುಖ ಗಂಟಿಕ್ಕಿದವಳಲ್ಲ.'

ಎಲ್ಲರೂ ಚಪ್ಪಾಳೆ ತಟ್ಟಿದರು. ಔಷಧಿ ಅಂಗಡಿಯವನ ಹೆಂಡತಿ ಬಗ್ಗಿ ಅವಳ ಕೈ ಅದುಮಿದಳು. ಅರ್ಧ ಎದ್ದವಳು ಕೂರುವ ಹಾಗೂ ಇಲ್ಲ, ನಿಲ್ಲುವ ಹಾಗೂ ಇಲ್ಲ. ಕುರ್ಚಿಯ ಬೆನ್ನು ಹಿಡಿದು ಹಾಗೇ ಬಾಗಿ ನಿಂತಳು. ಜನ ಅದನ್ನು ವಿನಯ ಎಂದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ, ಹೇಳ್ತೀನಿ ಅಂದಿದ್ದಿರಲ್ಲ ಎಂದು ಕೇಳಿದಳು. ಅವನು ಆಶ್ಚರ್ಯದಿಂದ ನೋಡಿದ. 'ಹೇಳ್ದೆನಲ್ಲೇ? ನಿನ್ನ ಬಗ್ಗೆ ಹೇಳ್ದಾಗಲೇ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತಲ್ಲ' ಎಂದ. ಅವಳು ಅವನ ಮುಖದಲ್ಲಿ ಹುಡುಕಿದಳು. ನುಣುಚಿಕೊಳ್ಳುವವನ ಕಣ್ಣು ಅದಾಗಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಹಿಂದೊಮ್ಮೆ ಮಿಟುಕಿದ ಕಣ್ಣೂ ಅಲ್ಲ. ಅವನು ಅದನ್ನು ನಂಬಿದ್ದ. ಹೇಳೀ ಹೇಳೀ, ತಾನು ಒಲೆಯ ಮುಂದೆ ನಿಂತದ್ದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಬೈದರೆ ಯಾರನ್ನು ಬೈಯುವುದು?

ಅವಳು ಮಿಕ್ಸ್ಚರ್ ಮಾಡುವುದನ್ನು ನಿಲ್ಲಿಸಿದಳು. ಯಾರಿಗೂ ಹೇಳದೆ, ಬಾಣಲೆಯನ್ನು ಅಟ್ಟಕ್ಕೆ ಹಾಕಿ. ಈಗಲಾದರೂ ಕೇಳಲಿ, ಯಾಕೆ ಇಲ್ಲ ಎಂದು ಯೋಚಿಸಲಿ ಎಂಬುದು ಅವಳ ಹಟ. ಹಳೆಯ ಗಿರಾಕಿಗಳು ಅವನನ್ನು ನೋಡಲು ಮನೆಗೆ ಬರುತ್ತಿದ್ದರು. ಮಿಕ್ಸ್ಚರ್ ಎಲ್ಲಿ ಎಂದು ಕೇಳಿದರೆ ಅವನು ಕೈ ಎತ್ತಿ ತೋರಿಸುತ್ತಿದ್ದ. ಈ ಕೈಯಲ್ಲಿ ಉಪ್ಪು ಹಾಕೋದು ಹೇಗೆ ಹೇಳಿ ಎನ್ನುತ್ತಿದ್ದ. ಅವರು ಲೊಚಗುಟ್ಟಿ ತಲೆಯಾಡಿಸುತ್ತಿದ್ದರು. ಅವಳ ಮುಷ್ಕರವೂ ಅವನ ಲೆಕ್ಕಕ್ಕೇ ಜಮೆಯಾಯಿತು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವನು ಅವಳನ್ನು ಪಕ್ಕಕ್ಕೆ ಕರೆದ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟು ಬಗ್ಗಿದಳು.

'ಒಂದ್ಸಲ ಮಾಡ್ಬೇಕು ಅನ್ಸುತ್ತೆ ಕಣೇ' ಎಂದ. 'ನೀನು ಪಕ್ಕದಲ್ಲಿ ನಿಂತು ಸಾಮಾನು ಎತ್ತಿ ಕೊಟ್ರೆ ಸಾಕು. ಬೆಳ್ಳುಳ್ಳಿ ನಾನು ಎಷ್ಟು ಹಾಕ್ತಿದ್ದೆ, ನೆನಪಿದೆಯಾ?'

ಅವಳು ಅವನ ಬಾಯಿ ಒರೆಸಿದಳು. ಸಾಕಷ್ಟು ಹಾಕ್ತಿದ್ರಿ ಎಂದಳು. ಹೆಚ್ಚು ನರಳದೆ ಆ ವಾರವೇ ಅವನು ಹೋದ.

ಎಲ್ಲ ಮುಗಿದು ಕೆಲವು ದಿನಗಳಾದ ಮೇಲೆ, ಬೀದಿಯವರು ಒಂದು ರಜೆಯ ಮಧ್ಯಾಹ್ನ ಮನೆಗೆ ಬಂದು ಅವನ ನೆನಪು ಮಾಡಿಕೊಂಡು ಹೋಗುತ್ತೇವೆ ಎಂದು ಹೇಳಿಕಳಿಸಿದರು. ಮಗಳು ಅತ್ತೆ ಮಾವನನ್ನೂ ಕರೆದುಕೊಂಡು ಬಂದಳು. ಅಷ್ಟು ಹೊತ್ತಿಗೆ ಅವಳು ಅಟ್ಟದಿಂದ ಬಾಣಲೆ ಇಳಿಸಿಕೊಂಡು, ಎಲ್ಲವನ್ನೂ ಹುರಿದು, ಬೆರೆಸಿ, ದೊಡ್ಡ ಪಾತ್ರೆಗೆ ತುಂಬಿ ಮುಚ್ಚಿಟ್ಟಿದ್ದಳು. ಅವಳ ಯೋಚನೆ ನೇರವಾಗಿತ್ತು. ಅವನು ಇಲ್ಲ. ಮಿಕ್ಸ್ಚರ್ ಇದೆ. ಅದೇ ರುಚಿ, ಅದೇ ಬಣ್ಣ. ಹಾಗಾದರೆ ಮಾಡಿದವರು ಯಾರು ಎಂದು ಯಾರಾದರೂ ಕೇಳಲೇಬೇಕು. ತಾನು ಬಾಯಿ ಬಿಡಬೇಕಾದ್ದೇ ಇಲ್ಲ.

ತಟ್ಟೆಗಳು ಎಲ್ಲರ ಕೈ ಸೇರಿದವು. ಮೇಷ್ಟ್ರು ಸ್ವಲ್ಪ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ಅವರ ದವಡೆಯನ್ನೇ ನೋಡುತ್ತ ನಿಂತಳು.

'ಪ್ರಯತ್ನ ಮಾಡಿದೀರಮ್ಮ' ಎಂದರು ಮೇಷ್ಟ್ರು. 'ಚೆನ್ನಾಗೇ ಇದೆ. ಉಪ್ಪು ಒಂದು ಚೂರು ಮುಂದೆ, ಅಷ್ಟೆ.'

ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡ. ಅಣ್ಣನ ಕೈ ಅಣ್ಣನದೇ, ಅದು ಇನ್ನೊಬ್ಬರಿಗೆ ಬರುವಂಥದ್ದಲ್ಲ ಎಂದ. ಬೇರೆಯವರೂ ಹೌದೆಂದರು. ಒಬ್ಬರಿಗೆ ಬಟಾಣಿ ಗಟ್ಟಿ ಎನಿಸಿತು. ಇನ್ನೊಬ್ಬರಿಗೆ ಮೊದಲಿನ ಘಮ ಇಲ್ಲ ಎನಿಸಿತು. ಅವಳು ಒಳಗೆ ಹೋಗಿ ಪಾತ್ರೆಯಿಂದ ಒಂದು ಹಿಡಿ ತೆಗೆದು ತಿಂದು ನೋಡಿದಳು. ಅದೇ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವಳು ಹೊರಗೆ ಬಂದಳು.

'ಇದು ನಾನು ಮಾಡಿದ್ದು' ಎಂದಳು. 'ಮೊದಲಿಂದಲೂ ನಾನೇ ಮಾಡ್ತಿದ್ದದ್ದು. ಅವರು ಒಂದು ದಿನಾನೂ ಮಾಡಿಲ್ಲ.'

ಯಾರದೋ ಬಾಯಲ್ಲಿ ಒಂದು ಕಡಲೆಬೀಜ ಕರುಂ ಎಂದಿತು. ಆಮೇಲೆ ಮೇಷ್ಟ್ರು, ಜ್ವರದಲ್ಲಿ ಬಡಬಡಿಸುವ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು.

'ಹೌದಮ್ಮ. ಗಂಡ ಹೆಂಡತಿ ಅಂದ್ಮೇಲೆ ಅವರು ಮಾಡಿದ್ದೂ ನಿಮ್ಮದೇ ಅಲ್ವಾ.'

'ಹಾ‌ಗಲ್ಲ ಮೇಷ್ಟ್ರೇ…'

'ಅಮ್ಮ, ಒಳಗೆ ಬಾ' ಎಂದು ಮಗಳು ಅವಳ ತೋಳು ಹಿಡಿದಳು. ಹಿಂದಿನಿಂದ ಯಾರೋ, ಪಾಪ, ಅವರಿಗೆ ಇನ್ನೂ ಸುಧಾರಿಸಿಕೊಳ್ಳಲು ಆಗಿಲ್ಲ ಎಂದದ್ದು ಕೇಳಿಸಿತು.

ಅಡುಗೆಮನೆಯಲ್ಲಿ ಮಗಳು ಬಾಗಿಲು ಮುಂದೆ ಮಾಡಿದಳು. ದನಿ ತಗ್ಗಿಸಿ ಮಾತಾಡಿದಳು. ತಗ್ಗಿಸಿದ ದನಿಯೇ ಹೆಚ್ಚು ಚುಚ್ಚಿತು. ಹೊರಗೆ ತನ್ನ ಅತ್ತೆ ಮಾವ ಕೂತಿದ್ದಾರೆ, ಅಪ್ಪನನ್ನು ದೇವರಂತೆ ಕಾಣುವ ಜನ ಕೂತಿದ್ದಾರೆ, ಇದೆಲ್ಲ ಈಗ ಆಡುವ ಮಾತೇ ಎಂದಳು.

'ನಾನು ಸುಳ್ಳು ಹೇಳ್ದೆನಾ?' ಎಂದು ಅವಳು ಕೇಳಿದಳು. 'ನಿನಗೆ ಗೊತ್ತಿಲ್ವಾ? ಪಕ್ಕದಲ್ಲಿ ಕೂತು ಬೀಜ ಸುಲಿದವಳಲ್ವಾ ನೀನು?'

'ಗೊತ್ತಮ್ಮ. ನನಗೆ ಗೊತ್ತು. ಅಪ್ಪ ಹೋದ್ಮೇಲೆ ಅವರನ್ನ ಸುಳ್ಳುಗಾರ ಮಾಡಿ ನಿನಗೇನು ಬರುತ್ತೆ?'

'ನನಗೇನು ಬರುತ್ತೆ' ಎಂದು ಅವಳು ಅದೇ ಮಾತನ್ನು ತಿರುಗಿ ಹೇಳಿದಳು, ಪ್ರಶ್ನೆಯ ಹಾಗಲ್ಲ. ಏನಾದರೂ ಬರುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಮಗಳು ಟೀ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ನಗುತ್ತ ಎಲ್ಲರನ್ನೂ ಮಾತಾಡಿಸುವುದು ಕೇಳಿಸುತ್ತಿತ್ತು.

ಚಳಿ ಶುರುವಾದಾಗ ಅವಳ ಮಂಡಿನೋವು ಹೆಚ್ಚಿತು. ಮಾತ್ರೆಗೆಂದು ಮಾರ್ಕೆಟ್ ಬೀದಿಗೆ ಹೋದಳು. ವಾಚಿನ ಅಂಗಡಿಯಲ್ಲಿ ಮೊಬೈಲಿನ ಬಣ್ಣಬಣ್ಣದ ಕವರುಗಳು ನೇತಾಡುತ್ತಿದ್ದವು. ಔಷಧಿ ಅಂಗಡಿಯಲ್ಲಿ ಆವತ್ತು ಅಂಗಡಿಯವನ ಹೆಂಡತಿ ಕೂತಿದ್ದಳು. ಅವಳನ್ನು ಕಂಡದ್ದೇ ಎದ್ದು ಬಂದು, ಒಳಗೆ ಕರೆದು ಕೂರಿಸಿ, ಟೀ ತರಿಸಿದಳು. ಅದೂ ಇದೂ ಮಾತಾಡಿ ಕಡೆಗೆ ವಿಷಯಕ್ಕೆ ಬಂದಳು.

'ಅಣ್ಣ ನನಗೆ ಹೇಳ್ಕೊಟ್ಟಿದ್ರು, ಆದ್ರೆ ಎಷ್ಟು ಸಲ ಮಾಡಿದ್ರೂ ಸೀದು ಕಹಿ ಬರುತ್ತೆ. ಏನೋ ಗುಟ್ಟು ಇಟ್ಕೊಂಡಿದ್ರು ಅವರು. ನೀವು ಜೊತೇಲೇ ಇದ್ದವರು, ನೋಡಿರ್ತೀರಲ್ಲಾ. ಅವರ ಹೆಸರು ಉಳೀಲಿ ಅಂತ ಕೇಳ್ತಿದೀನಿ.'

ಅವಳ ನಾಲಿಗೆಯ ತುದಿಗೆ ಎಲ್ಲವೂ ಬಂತು. ಬೆಳ್ಳುಳ್ಳಿ ಕೊನೆಗೆ. ಉಪ್ಪು ನುಣ್ಣಗೆ. ಕೈಯ ಹಿಂಬದಿಯ ಬಿಸಿ. ಎರಡು ಮಾತಿನಲ್ಲಿ ಮುಗಿಯುವ ಕೆಲಸ. ನಾಳೆಯೇ ಈಕೆ ಮಾಡುತ್ತಾಳೆ, ಅದೇ ರುಚಿ ಬರುತ್ತದೆ, ಬೀದಿಯವರೆಲ್ಲ ತಿನ್ನುತ್ತಾರೆ. ತಿಂದು, ವಾಚಿನವರು ಮತ್ತೆ ಬಂದ ಹಾಗಾಯಿತು ಎನ್ನುತ್ತಾರೆ.

'ನನಗೆ ಗೊತ್ತಿಲ್ಲಮ್ಮ' ಎಂದಳು. 'ಅವರು ಯಾರಿಗೂ ಹೇಳಿಕೊಡಲಿಲ್ಲ. ನನಗೂ.'

ಹೇಳಿದ ಮೇಲೆ ಅವಳಿಗೇ ಒಂದು ಕ್ಷಣ ಕಿವಿ ಮುಚ್ಚಿದ ಹಾಗಾಯಿತು. ಇಷ್ಟು ವರ್ಷ ಆ ಸುಳ್ಳು ಅವನೊಬ್ಬನ ಬಾಯಲ್ಲಿತ್ತು. ಔಷಧಿ ಅಂಗಡಿಯವನ ಹೆಂಡತಿ ಸುಮ್ಮನೆ ತಲೆಯಾಡಿಸಿದಳು. ಆಕೆಯ ಮುಖದಲ್ಲಿ ಬೇಸರ ಕಾಣಲಿಲ್ಲ, ಒಂದು ಬಗೆಯ ಸಮಾಧಾನವೇ ಕಂಡಿತು. ದೊಡ್ಡವರ ವಿದ್ಯೆ ಹಾಗೇ ಹೋಗಬೇಕು ಎಂದಳು.

ಮಾತು ಬೀದಿಯಲ್ಲೆಲ್ಲ ಹರಡಲು ಹೊತ್ತು ಹಿಡಿಯಲಿಲ್ಲ. ಗಂಡನ ಗುಟ್ಟನ್ನು ಬಾಯಿ ಬಿಡದ ಹೆಂಗಸು ಎಂದು ಅವಳಿಗೆ ಹೆಸರಾಯಿತು. ಗೊತ್ತಿದ್ದೂ ಗೊತ್ತಿಲ್ಲ ಅಂದರಂತೆ, ಎಂಥ ನಿಷ್ಠೆ ನೋಡಿ ಎಂದು ಮೇಷ್ಟ್ರು ಇದಕ್ಕೂ ಒಂದು ಕಾರಣ ಕೊಟ್ಟರಂತೆ. ಮುಂದಿನ ಸಲ ಮಾತ್ರೆಗೆ ಹೋದಾಗ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಅವರು ಕೋಲೂರಿಕೊಂಡು ಎದ್ದು ನಿಂತರು. ಔಷಧಿ ಅಂಗಡಿಯವನು ಸಾಲಿನಲ್ಲಿದ್ದವರನ್ನು ಸರಿಸಿ ಅವಳಿಗೆ ಮೊದಲು ಕೊಟ್ಟ. ಆ ಬೀದಿಯಲ್ಲಿ ಅವಳಿಗಾಗಿ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಮಗಳ ಫೋನ್ ಬಂತು. ಅವಳ ಅತ್ತೆಗೂ ಸುದ್ದಿ ತಲುಪಿತ್ತು. ಮಗಳ ದನಿಯಲ್ಲಿ ಅಳುವಿತ್ತು, ಹೆಮ್ಮೆಯಿತ್ತು.

'ಅಪ್ಪನ ಮರ್ಯಾದೆ ಉಳಿಸಿದೆ ನೀನು. ನಾನು ಆವತ್ತು ಹಾಗೆ ಮಾತಾಡಬಾರದಿತ್ತು. ನೀನು ದೊಡ್ಡ ಮನಸ್ಸಿನವಳಮ್ಮ.'

ಅವಳು ಮಾತ್ರೆಯ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

'ಬಸ್ಸು ಬಂತು, ಇಡ್ತೀನಿ' ಎಂದಳು. ಬಸ್ಸು ಬಂದಿರಲಿಲ್ಲ.